ಮಾಳಿಗೆಯ ಮಣ್ಣು

ರಾಯದುರ್ಗ, ಕೋಟೆ ಗುಡ್ಡದ ಕೆಳಗಿನ ಓಣಿ
28-5-2025, ಬುಧವಾರ

ಶ್ರಾವಣಿಯ ಅವ್ವನಿಗೆ, ಅಂದರೆ ನಿನಗೇ ಕಾಟಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹಾಕುವಾಗ ಹಂಡೆಯನ್ನು ಒಬ್ಬಳೇ ಎತ್ತಬೇಡ, ಅಳಿಯ ನಾಗಾರ್ಜುನ ಇದ್ದಾನಲ್ಲ, ಅವನಿಗೆ ಹೇಳು. ಕೂಸು ರಾತ್ರಿ ಮಲಗುತ್ತದೆಯೇ? ನಾನು ಹುಷಾರಾಗಿದ್ದೇನೆ. ಹುಷಾರು ಅಂದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಕೂತಲ್ಲಿ ಕೂರಲಾಗುತ್ತಿಲ್ಲ ಅಷ್ಟೇ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಗುಡ್ಡದ ಮೇಲಿನ ಮೋಡ ನೋಡಿ ಬಂದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನೀನು ನನಗೆ ಎರಡು ಮಾತು ಮುಗಿಸಲು ಬಿಟ್ಟದ್ದುಂಟೇ? ಅದೂ ಅಗಳಿ ಊರಿನ ಬೀಗರ ಪಡಸಾಲೆಯಲ್ಲಿ ಸ್ಪೀಕರ್ ಹಾಕಿಕೊಂಡು ಎಲ್ಲರೂ ಸುತ್ತ ಕೂರುತ್ತೀರಿ. ಇದು ಬೀಗರು ಕೇಳುವ ಮಾತಲ್ಲ. ಅದಕ್ಕೇ ಬರೆದು ಮಗ ಹನುಮಂತುವಿನ ಕೈಲಿ ಕಳಿಸುತ್ತಿದ್ದೇನೆ. ಜೀನ್ಸ್ ಹೊಲಿಯುವ ಕೆಲಸಕ್ಕೆ ರಜೆ ಹಾಕಿ ಬರುತ್ತಿದ್ದಾನೆ, ಮೊದಲು ಅವನಿಗೆ ಊಟಕ್ಕಿಡು.

ಮುಂದಿನ ವಾರ ಬಾಣಂತಿ, ಕೂಸು ಇಬ್ಬರನ್ನೂ ಕರೆತರುತ್ತೇನೆ, ತೊಟ್ಟಿಲಿಗೆ ನಡುಮನೆಯ ತೊಲೆಗೆ ಕೊಂಡಿ ಹಾಕಿಸಿಡಿ ಎಂದಿದ್ದೆಯಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ. ಹೋದ ಗುರುವಾರ ಏಣಿ ಹತ್ತಿ ಕೊಂಡಿಯ ಮೊಳೆ ಹೊಡೆದೆ. ಒಂದೇ ಏಟಿಗೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಹೊರಗೆ ಸುಣ್ಣ ಬಳಿದ ಗಟ್ಟಿ ತೊಲೆ, ಒಳಗೆಲ್ಲ ಗೆದ್ದಲು ತಿಂದ ಹುಡಿ. ಆ ಕಡೆಯಿಂದ ಈ ಕಡೆಗೆ ದಾರ ಹಿಡಿದು ನೋಡಿದರೆ ನಡುವೆ ನಾಲ್ಕು ಬೆರಳು ಬಾಗಿದೆ. ಇಷ್ಟು ವರ್ಷ ನಾವು ಅದರಡಿಯೇ ಮಲಗಿದ್ದೇವೆ ಮಾರಾಯ್ತಿ.

ಅವತ್ತೇ ಮಧ್ಯಾಹ್ನ ವಾರ್ಡ್ ಸಚಿವಾಲಯದ ಕಚೇರಿಯಿಂದ ಭವ್ಯಾ ಎಂಬ ಹುಡುಗಿ ಬಂದಳು. ಮಳೆಗಾಲಕ್ಕೆ ಮೊದಲು ಹಳೆ ಮನೆಗಳು ಹೇಗಿವೆ ಎಂದು ನೋಡಿ ಬರೆದುಕೊಳ್ಳುವ ಕೆಲಸ ಅವಳದು. ಬೇರೆ ದಿನವಾಗಿದ್ದರೆ ಬೈದು ಕಳಿಸುತ್ತಿದ್ದೆ. ನಲವತ್ತು ವರ್ಷ ಈ ಓಣಿಯ ಮಾಳಿಗೆಗಳಿಗೆಲ್ಲ ಸೋರದಂತೆ ವರ್ಷ ವರ್ಷ ಮೇಲೆ ಚೌಳು ಮಣ್ಣು ಹಾಕಿದವನಿಗೆ ಟೇಪು ಹಿಡಿದ ಹುಡುಗಿ ಏನು ಕಲಿಸುತ್ತಾಳೆ? ಆದರೆ ಕಿತ್ತ ಆ ಮೊಳೆ ಇನ್ನೂ ಕೈಯಲ್ಲೇ ಇತ್ತು, ಏಣಿ ತೋರಿಸಿದೆ. ಮಾಳಿಗೆ ಹತ್ತಿ ಹಾರೆಯಿಂದ ಒಂದು ತೂತು ತೋಡಿಸಿದಳು. ತೋಡಿದಷ್ಟೂ ಮಣ್ಣು. ಎರಡು ಅಡಿಗೆ ನಾಲ್ಕು ಬೆರಳು ಕಡಿಮೆ. ರೊಟ್ಟಿ ಪೇರಿಸಿಟ್ಟಂತೆ ಪದರ ಪದರ, ಇದು ಹೋದ ವರ್ಷದ್ದು, ಇದು ಹನುಮಂತು ಹುಟ್ಟಿದ ಕಾಲದ್ದು, ತಳದ್ದು ನಮ್ಮಪ್ಪನ ಕೈಯದು. “ತಾತಾ, ಹೊಸಾ ಮಣ್ಣು ಹಾಕೋವಾಗ ಹಳೇದು ತೆಗೀತಿದ್ರೇನ್ರಿ?” ಎಂದು ಕೇಳಿದಳು. ಯಾರು ತೆಗೆಯುತ್ತಾರೆ? ಮಾಳಿಗೆಗೆ ಏರಿದ ಮಣ್ಣು ಇಳಿದರೆ ಮನೆಯ ಲಕ್ಷ್ಮಿಯೂ ಇಳಿಯುತ್ತಾಳೆ ಎಂದು ನಮ್ಮಪ್ಪ ನನಗೆ ಹೇಳಿದ್ದ, ನಾನು ಓಣಿಗೆಲ್ಲ ಹೇಳಿದ್ದೆ. ಸೋರಿದರೂ ಚೌಳು, ಸೋರದಿದ್ದರೂ ಚೌಳು. ನಾಲ್ಕು ದಿನ ಜಡಿಮಳೆ ಹಿಡಿದರೆ ಈ ಮಣ್ಣೆಲ್ಲ ನೀರು ಕುಡಿಯುತ್ತದೆ, ಆ ಭಾರ ತೊಲೆ ತಡೆಯುವುದಿಲ್ಲ ಎಂದಳು ಭವ್ಯಾ. ಮೆಲ್ಲಗೇ ಹೇಳಿದಳು, ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು.

ನಮ್ಮ ಮನೆಯದನ್ನು ಇಳಿಸಿಬಿಟ್ಟೆ. ನಾನು, ಹನುಮಂತು, ಅವನ ಜೊತೆ ಕೆಲಸ ಮಾಡುವ ಇಬ್ಬರು, ನಾಲ್ಕು ದಿನ ಒಂದೇ ಸಮ. ಮೂರು ಟ್ರ್ಯಾಕ್ಟರ್ ಮಣ್ಣು ಹೋಯಿತು. ಬೇರೆ ತೊಲೆ ಏರಿಸಿದ್ದೇವೆ, ಮೇಲೆ ತಗಡು ಬರುತ್ತದೆ. ಗಾಳಿಗೆ ಹಾರದಿರಲೆಂದು ತಗಡಿನ ಮೇಲೆ ಕಲ್ಲು ಹೇರಬೇಡಿ, ಬೋಲ್ಟ್ ಹಾಕಿಸಿ ಎಂದು ಆ ಹುಡುಗಿ ಎರಡೆರಡು ಸಲ ಹೇಳಿ ಹೋದಳು. ನಮಗೆ ಏನಾದರೊಂದು ಹೇರದಿದ್ದರೆ ನಿದ್ದೆ ಬರುವುದಿಲ್ಲವಲ್ಲ.

ಆಮೇಲೆ ಮನೆ ಮನೆಗೆ ಹೋದೆ. ನಾನು ಮಣ್ಣು ಹಾಕಿದ ಮಾಳಿಗೆಗಳು ಓಣಿಯಲ್ಲಿ ಹನ್ನೊಂದು. ಬೊಮ್ಮಯ್ಯನಿಗೆ ಅರಳು ಮರಳು ಎಂದು ನಕ್ಕರು, ನಮ್ಮ ತೊಲೆಯ ತುಂಡು ತೋರಿಸಿದ ಮೇಲೆ ನಗು ನಿಂತಿತು. ಒಬ್ಬೊಬ್ಬರಾಗಿ ಇಳಿಸುತ್ತಿದ್ದಾರೆ. ಒಪ್ಪದವಳು ಒಬ್ಬಳೇ, ಪಕ್ಕದ ಮನೆಯ ನರಸಕ್ಕ. ಎಲ್ಲರಿಗಿಂತ ದಪ್ಪ ಮಣ್ಣಿರುವುದು ಅವಳ ಮಾಳಿಗೆಯ ಮೇಲೆ. ಗಂಡ ಸತ್ತವಳು, ಮೊಮ್ಮಗಳು ದುರ್ಗಾಳನ್ನು ಕಟ್ಟಿಕೊಂಡು ಇದ್ದಾಳೆ, ಸೋರಬಾರದು ಎಂದು ಪ್ರತಿ ವರ್ಷ ನಾನೇ ಹತ್ತು ಬುಟ್ಟಿ ಹೆಚ್ಚಿಗೆ ಹಾಕುತ್ತಿದ್ದೆ. ಪ್ರೀತಿಯಿಂದ ಹಾಕಿದ್ದು ಕಾಟಮ್ಮಾ. ಮೂರು ಸಲ ಹೋಗಿ ಕೈ ಮುಗಿದೆ. “ನೀ ಹಾಕಿದ ಮಣ್ಣು ಬೊಮ್ಮಯ್ಯಾ, ಅದ್ಯಾಕ ಬೀಳ್ತೈತಿ? ನಿನ್ನ ಕೈ ಮ್ಯಾಲ ನನಗ ನಂಬಿಕಿ ಐತಿ” ಅಂದಳು. ಮಜ್ಜಿಗೆ ಕೊಟ್ಟು ಕಳಿಸಿದಳು. ಅವಳಿಗೂ ನಮಗೂ ನಡುಗೋಡೆ ಒಂದೇ, ಅವಳ ಮಾಳಿಗೆ ಕುಸಿದರೆ ನಮ್ಮ ಗೋಡೆಯೂ ನಿಲ್ಲುವುದಿಲ್ಲ. ಅದು ಇಳಿಯುವವರೆಗೆ ಕೂಸನ್ನು ಈ ಮನೆಗೆ ತರುವುದು ಬೇಡ. ಶ್ರಾವಣಿಗೆ ಬೇಜಾರಾಗದಂತೆ ನೀನೇ ಹೇಳು.

ಅವಳಿಗೂ ಕೂಸಿಗೂ ನನ್ನ ಆಶೀರ್ವಾದ, ಕೂಸಿನ ಹಣೆಗೆ ದೃಷ್ಟಿಬೊಟ್ಟು ಮರೆಯಬೇಡ. ಬೀಗರಿಗೆ ನಮಸ್ಕಾರ ಹೇಳು, ತೊಲೆಯ ಸುದ್ದಿ ಹೇಳಬೇಡ.

ಇತಿ ನಿನ್ನವ,
ಬೊಮ್ಮಯ್ಯ

ತಾ.ಕ.: ಹನುಮಂತು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ರೋಹಿಣಿ ಮಳೆಯ ಹನಿ ಶುರುವಾಯಿತು. ಬರೆಯಬೇಕಾದದ್ದನ್ನು ಇಷ್ಟು ಹೊತ್ತೂ ತಪ್ಪಿಸಿಕೊಂಡು ಬಂದೆ. ಶ್ರಾವಣಿಯ ಮದುವೆಯ ವರ್ಷ ಬುಟ್ಟಿ ಎತ್ತಿಕೊಡುತ್ತಾ ನೀನು ಕೇಳಿದ್ದೆ, “ಹಾಕ್ತಾನೇ ಇದೀರಲ್ಲ, ಇಳ್ಸೋದು ಯಾವಾಗ?” ಎಂದು. ಹಂಚಿನ ಮನೆಯಿಂದ ಬಂದವಳಿಗೆ ಮಾಳಿಗೆಯ ವಿಷಯ ಏನು ಗೊತ್ತು ಎಂದು ಓಣಿಯವರ ಎದುರೇ ನಿನ್ನ ಬಾಯಿ ಮುಚ್ಚಿಸಿದೆ. ನರಸಕ್ಕ ಅದನ್ನು ಮರೆತಿಲ್ಲ. ಇವತ್ತು ಬೆಳಿಗ್ಗೆಯೂ “ಅವತ್ತು ಕಾಟಮ್ಮಗ ಏನಂದಿದ್ದಿ, ಅದ ಖರೇ” ಎಂದು ಬಾಗಿಲು ಹಾಕಿಕೊಂಡಳು. ನೀನು ಹೇಳಿದ್ದೇ ಖರೆ, ತಪ್ಪು ನನ್ನದು. ನೀನೊಬ್ಬಳೇ ನಾಳೆ ಹನುಮಂತುವಿನ ಜೊತೆ ಬಾ. ಅವಳ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಅದೇ ಮಾತನ್ನು ನನಗೆ ಇನ್ನೊಂದು ಸಲ ಕೇಳು. ಈ ಸಲ ಉತ್ತರ ಕೊಡುತ್ತೇನೆ. ಏಣಿಯನ್ನು ಆಗಲೇ ಅವಳ ಗೋಡೆಗೆ ಆನಿಸಿಟ್ಟಿದ್ದೇನೆ.