ಗೂಬೆ ಮೇಷ್ಟ್ರಿಗೆ ನೋವಾಗುವುದಿಲ್ಲವಂತೆ

ಮಕ್ಕಳ ಕಾರ್ಯಕ್ರಮಗಳನ್ನು ಪರಿಶೀಲಿಸಿ ಮುದ್ರೆ ಒತ್ತುವ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ದಿನಾ ಸಂಜೆ ಒಂದು ಅಳಿಲು ಒಂದು ಗೂಬೆಯ ಮುಖಕ್ಕೆ ಗುದ್ದಿ ಅದರ ಕನ್ನಡಕ ಒಡೆಯುವ ಕಾರ್ಟೂನಿಗೆ ನಿಮ್ಮ ಮಂಡಳಿ ‘ಎಲ್ಲ ವಯಸ್ಸಿನವರಿಗೂ ಯೋಗ್ಯ’ ಎಂದು ಮುದ್ರೆ ಒತ್ತಿದೆ. ಆ ಮುದ್ರೆಯನ್ನು ತೆಗೆಯಿರಿ ಎಂದು ನಾನು ಕೊಟ್ಟ ದೂರಿಗೆ ನಿಮ್ಮ ಕಚೇರಿ ಉತ್ತರವನ್ನೂ ದಯಪಾಲಿಸಿದೆ. ‘ಸದರಿ ಕಾರ್ಯಕ್ರಮದಲ್ಲಿ ರಕ್ತ ಕಾಣಿಸುವುದಿಲ್ಲ. ಏಟು ತಿಂದ ಪಾತ್ರಕ್ಕೆ ನೋವಾಗುವುದಿಲ್ಲ. ಮರುಕ್ಷಣವೇ ಅದು ಎದ್ದು ನಿಲ್ಲುತ್ತದೆ. ಆದ್ದರಿಂದ ಇದನ್ನು ಹಿಂಸೆಯೆಂದು ಪರಿಗಣಿಸಲಾಗದು. ಪೋಷಕರಿಗೆ ಆಕ್ಷೇಪವಿದ್ದಲ್ಲಿ ಟೀವಿ ಆರಿಸಬಹುದು.’ ಓದಿ ನನಗೆ ಹೇಸಿಗೆಯಾಯಿತು. ಬರೀ ಸಿಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು. ಹೇಸಿಗೆ ಹಾಗಲ್ಲ, ಊಟಕ್ಕೆ ಕೂತಾಗಲೂ ನೆನಪಾಗುತ್ತದೆ. ಅದಕ್ಕೇ ಈ ಸಲ ನಿಮಗೊಬ್ಬರಿಗೇ ಬರೆಯದೆ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿ ನಡೆಸುವವಳು. ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಕಿರಿದಾದ ಜಾಗ. ಮುಂದೆ ಫ್ರೇಮುಗಳ ಗಾಜಿನ ಕಪಾಟು, ಹಿಂದೆ ಗಾಜು ಉಜ್ಜುವ ಯಂತ್ರ. ಮಕ್ಕಳು ಕನ್ನಡಕ ಮುರಿಯುವುದು ನನಗೆ ಹೊಸದಲ್ಲ. ಅದರ ಮೇಲೆ ಕೂರುತ್ತಾರೆ, ಕಡ್ಡಿಯನ್ನು ಜಗಿಯುತ್ತಾರೆ, ನಾಯಿಯ ಮೂತಿಗೆ ಹಾಕಿ ಚೆಂದ ನೋಡುತ್ತಾರೆ. ಹಾಗೆ ಮುರಿದದ್ದರಲ್ಲಿ ಕಡ್ಡಿ ಹೋಗಿರುತ್ತದೆ, ಇಲ್ಲವೇ ಸ್ಕ್ರೂ ಉದುರಿರುತ್ತದೆ. ನಿಮ್ಮ ಅಳಿಲು ಬಂದ ಮೇಲೆ ಮೂಗಿನ ಮೇಲೆ ಕೂರುವ ಜಾಗದಲ್ಲೇ ಸರಿಯಾಗಿ ಎರಡು ತುಂಡಾದ ಕನ್ನಡಕಗಳು ಬರತೊಡಗಿದವು. ಎದುರಿನಿಂದ ಏಟು ಬಿದ್ದರೆ ಮುರಿಯುವುದು ಹಾಗೆ. ‘ಆಡೋವಾಗ ಬಿದ್ದ ಮೇಡಂ’ ಎಂದು ಅಪ್ಪಂದಿರು ಹೇಳುತ್ತಿದ್ದರು. ಪಕ್ಕದಲ್ಲಿ ನಿಂತ ಮಗುವೇ ಒಂದು ದಿನ ತಿದ್ದಿತು: ‘ಬಿದ್ದಿಲ್ಲ ಆಂಟಿ, ಗೂಬೆ ಚಟ್ ಆಡಿದ್ವಿ.’

ತಾವು ಮುದ್ರೆ ಒತ್ತಿದ್ದೀರಿ, ನೋಡಿದ್ದೀರೋ ಇಲ್ಲವೋ ತಿಳಿಯದು. ಆದ್ದರಿಂದ ನಾನೇ ಹೇಳುತ್ತೇನೆ. ಆ ಕಾರ್ಟೂನಿನಲ್ಲಿ ಗೂಬೆ ಒಬ್ಬ ಮೇಷ್ಟ್ರು, ದುಂಡು ಕನ್ನಡಕದವನು, ನಾಲ್ಕಕ್ಷರ ಬಲ್ಲವನು. ಅಷ್ಟೇ ಅವನು ಮಾಡಿದ ಅಪರಾಧ. ಅಳಿಲು ಎಗರಿ ಬಂದು ಗುದ್ದುತ್ತದೆ, ‘ಚಟ್’ ಎಂದು ಸದ್ದಾಗುತ್ತದೆ, ಮೇಷ್ಟ್ರು ತಡಕಾಡುತ್ತಾ ಹೋಗಿ ಗೋಡೆಗೆ ಢಿಕ್ಕಿ ಹೊಡೆಯುತ್ತಾನೆ, ಕಣ್ಣಿಗೆ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಮುಂದಿನ ದೃಶ್ಯದಲ್ಲಿ ಮೇಷ್ಟ್ರು ಹಾಜರು, ಕನ್ನಡಕ ಹೊಚ್ಚಹೊಸದು. ಶಾಲೆಯ ಬಿಡುವಿನ ವೇಳೆಯಲ್ಲಿ ಇದೇ ಆಟ. ಯಾರೋ ‘ಗೂಬೆ ಚಟ್’ ಎಂದು ಕೂಗುತ್ತಾರೆ. ಮೊದಲು ಗುದ್ದಿದವನು ಅಳಿಲು. ಗೂಬೆ ಯಾರಾಗಬೇಕೆಂದು ಅಲ್ಲಿ ಯಾರೂ ಚೀಟಿ ಎತ್ತುವುದಿಲ್ಲ. ಯಾರ ಮುಖದ ಮೇಲೆ ಕನ್ನಡಕ ಇದೆಯೋ ಅವರು ಗೂಬೆ.

ನನ್ನ ಮಗಳು ಎರಡನೇ ಕ್ಲಾಸು. ಮನೆಯಲ್ಲಿ ಅವಳಿಗೆ ಚೂಟಿ ಎಂದೇ ಹೆಸರು. ಅವಳ ಎಡಗಣ್ಣು ಸರಿಯಾಗಿ ನೋಡುವುದನ್ನು ಇನ್ನೂ ಕಲಿತಿಲ್ಲ. ಕಣ್ಣಿನ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು: ‘ಈ ಕಣ್ಣು ಮೈಗಳ್ಳ ಕಣಮ್ಮ, ಕೆಲಸ ಎಲ್ಲ ಇನ್ನೊಂದರ ಮೇಲೆ ಹಾಕಿ ಕೂತಿದೆ. ಎಚ್ಚರ ಇರೋ ಹೊತ್ತೆಲ್ಲ ಕನ್ನಡಕ ಇರಲಿ. ಈಗ ಬಿಟ್ರೆ, ದೊಡ್ಡವಳಾದ ಮೇಲೆ ನೀವು ಎಂಥ ಗಾಜು ಹಾಕಿದ್ರೂ ಅಷ್ಟಕ್ಕಷ್ಟೇ.’ ನನ್ನ ಕೈಯಾರೆ ಅವಳಿಗೆ ಕೆಂಪು ಫ್ರೇಮಿನ ಕನ್ನಡಕ ಮಾಡಿಕೊಟ್ಟೆ. ಮೊದಮೊದಲು ಅದನ್ನು ಹಾಕಿಕೊಂಡು ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಮುಂದಿನ ತಪಾಸಣೆಯ ದಿನ ಡಾಕ್ಟರು ನನ್ನ ಮುಖ ನೋಡಿದರು. ಕಣ್ಣು ಒಂದು ಗೆರೆಯಷ್ಟೂ ಸುಧಾರಿಸಿರಲಿಲ್ಲ. ‘ಹಾಕ್ಕೊಂಡೇ ಇರ್ತೀನಿ ಅಮ್ಮ’ ಎಂದಳು ಚೂಟಿ. ಶಾಲೆಯಲ್ಲಿ ವಿಚಾರಿಸಿದರೆ ಟೀಚರಮ್ಮ ‘ಅವಳಿಗೆ ಕನ್ನಡಕ ಇದೆಯಾ?’ ಎಂದು ನನ್ನನ್ನೇ ಕೇಳಿದರು. ಬೀದಿಯ ತಿರುವಿನವರೆಗೆ ಅದು ಮುಖದ ಮೇಲೆ ಇರುತ್ತಿತ್ತು, ಆಮೇಲೆ ಬ್ಯಾಗಿನ ತಳಕ್ಕೆ ಹೋಗುತ್ತಿತ್ತು. ಒಮ್ಮೆ ಅವಳನ್ನೂ ಗೂಬೆ ಮಾಡಿ ಗುದ್ದಿದ್ದರಂತೆ. ನನಗೆ ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೀ ಹೊಡೆಸಿಕೊಂಡವಳ ತಾಯಿಯಾಗಿ, ಸ್ವಲ್ಪ ನೆಮ್ಮದಿಯಿಂದಲೇ ನಿಮ್ಮನ್ನು ಬೈಯಬಹುದಿತ್ತು. ಆಮೇಲೊಂದು ದಿನ ಶಾಲೆಯಿಂದ ಫೋನು ಬಂತು, ಕೂಡಲೇ ಬನ್ನಿ ಎಂದು. ಮತ್ತೆ ನನ್ನ ಮಗಳಿಗೇ ಏಟು ಬಿತ್ತೆಂದುಕೊಂಡು ಅಂಗಡಿಯ ಷಟರ್ ಎಳೆದು, ಸೆರಗು ಬಿಗಿದು, ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಹೆಡ್ ಮೇಡಂ ಕೋಣೆಯಲ್ಲಿ ಒಂದನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ ಕಣ್ಣಿನ ಕೆಳಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಬಟ್ಟೆ ಕೆಂಪಾಗಿತ್ತು. ಪಕ್ಕದ ಕುರ್ಚಿಯಲ್ಲಿ ನನ್ನ ಮಗಳು, ಬರಿಗಣ್ಣಿನಲ್ಲಿ. ಮೇಜಿನ ಮೇಲೆ ಎರಡು ತುಂಡಾದ ಅವನ ಕನ್ನಡಕ, ನನ್ನ ಅಂಗಡಿಯದೇ. ಮುರಿದ ತುದಿ ಆ ಹುಡುಗನ ಕೆನ್ನೆ ಸೀಳಿತ್ತು. ಇನ್ನೊಂದಿಷ್ಟು ಮೇಲೆ ತಗುಲಿದ್ದರೆ ಕಣ್ಣೇ ಹೋಗುತ್ತಿತ್ತು. ಹುಡುಗನ ಅಪ್ಪ ಬಸ್ಸಿನ ಡ್ರೈವರು, ಡ್ಯೂಟಿಯಿಂದ ಖಾಕಿಯಲ್ಲೇ ಓಡಿಬಂದಿದ್ದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ‘ನಮ್ಮ ಹುಡುಗ ಏನ್ ಮಾಡ್ದ ಅಂತ ನಿಮ್ಮ ಮಗೂನ ಒಂದ್ಸಲ ಕೇಳಿ ಹೇಳಮ್ಮ. ತಪ್ಪು ಮಾಡಿದ್ರೆ ಬುದ್ಧಿ ಹೇಳ್ತೀನಿ’ ಎಂದರು.

ಮನೆಗೆ ಬಂದು ಕೇಳಿದೆ. ‘ಅವನು ಏನೂ ಮಾಡಿಲ್ಲ’ ಎಂದಳು ಚೂಟಿ. ‘ನಾನು ಅಳಿಲಾದ್ರೆ ನನ್ನ ಯಾರೂ ಗೂಬೆ ಅನ್ನಲ್ಲ.’

‘ಅವನಿಗೆ ನೋವಾಗತ್ತೆ ಅನ್ನಿಸ್ಲಿಲ್ವಾ ನಿಂಗೆ?’

‘ಎದ್ದೇಳ್ತಾನೆ ಅಂದ್ಕೊಂಡೆ. ಕನ್ನಡಕ ಹೇಗೂ ನೀನು ನಾಳೆ ಸರಿ ಮಾಡ್ತೀಯಲ್ಲ.’

‘ಮತ್ತೆ ರಕ್ತ ಬಂತಲ್ಲೇ?’

‘ಅದೇ ಅಮ್ಮ, ಯಾಕ್ ಬಂತೋ ಗೊತ್ತಾಗ್ಲಿಲ್ಲ.’

ಅವಳು ನೆವ ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಟೀವಿಯಲ್ಲಿ ಒಡೆದದ್ದು ಮರುಕ್ಷಣ ಸರಿಹೋಗುತ್ತದೆ, ಅಮ್ಮನ ಅಂಗಡಿಯಲ್ಲಿ ಮರುದಿನ ಸರಿಹೋಗುತ್ತದೆ. ಅವಳು ಕಂಡ ಲೋಕದಲ್ಲಿ ಒಡೆದದ್ದು ಒಡೆದೇ ಉಳಿದದ್ದಿಲ್ಲ. ಮಾನ್ಯರೇ, ನಿಮ್ಮ ಉತ್ತರದಲ್ಲಿ ಯಾವುದನ್ನು ಆ ಕಾರ್ಟೂನಿನ ಸದ್ಗುಣವೆಂದು ಬರೆದಿದ್ದೀರೋ ಅದೇ ನನ್ನ ಮಗಳ ತಲೆಗೆ ಹೋಗಿ ಕೂತಿರುವ ವಿಷ. ರಕ್ತ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ನೋವನ್ನು ಒರೆಸಿ ಹಾಕಿ, ಅದರ ಜಾಗದಲ್ಲಿ ನಗು ತುಂಬಿ, ಇದು ಮಗುವಿಗೆ ಯೋಗ್ಯ ಎಂದು ಷರಾ ಬರೆಯಲು ನಿಮಗೆ ಕೈಯಾದರೂ ಹೇಗೆ ಬಂತು?

ನಮ್ಮತ್ತೆ ನಿಮ್ಮ ಪರ ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. ‘ಟೀವಿ ಇಲ್ಲದ ಕಾಲದಲ್ಲಿ ಹುಡುಗ್ರು ಹೊಡೆದಾಡ್ತಿರ್ಲಿಲ್ವಾ? ನಿನ್ನ ಗಂಡ ಪಕ್ಕದ್ಮನೆಯವನ ಹಲ್ಲು ಉದುರಿಸಿ ಬಂದಿದ್ದ’ ಎನ್ನುತ್ತಾರೆ. ನಿಜವೇ. ಆದರೆ ಅವರು ಚೆಂಡಿಗೋ ಗೋಲಿಗೋ ಜಗಳವಾಡಿ, ಸಿಟ್ಟು ನೆತ್ತಿಗೇರಿ ಹೊಡೆದರು. ಹಲ್ಲು ಬಿದ್ದದ್ದು ಕಂಡು ಹೊಡೆದವನೇ ಮೊದಲು ಅತ್ತನಂತೆ. ನನ್ನ ಮಗಳಿಗೆ ಆ ಹುಡುಗನ ಮೇಲೆ ಸಿಟ್ಟೇ ಇರಲಿಲ್ಲ. ಅವಳು ಗುದ್ದಿದಾಗ ಸುತ್ತ ನಿಂತ ಮಕ್ಕಳು ನಕ್ಕರಂತೆ, ಥೇಟು ಟೀವಿಯಲ್ಲಿ ನಕ್ಕ ಹಾಗೆ. ಕಾರ್ಟೂನು ನೋಡಿದ ಮಕ್ಕಳೆಲ್ಲ ರೌಡಿಗಳಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಪ್ರಭಾವ ಎಷ್ಟು, ಯಾರ ಮೇಲೆ, ಎಷ್ಟು ದಿನ ಎಂಬುದನ್ನು ತಿಳಿದವರು ಚರ್ಚಿಸಲಿ, ಕೂತು ಕೇಳುತ್ತೇನೆ. ಆದರೆ ಒಂದು ಮಾತು ನನಗೆ ಬಿಡಿಸಿ ಹೇಳಿ. ಅದೇ ಅಳಿಲಿನ ಚಿತ್ರ ಹಾಕಿದರೆ ಮಕ್ಕಳು ಹಠಮಾಡಿ ಬಿಸ್ಕತ್ತು ಕೊಡಿಸಿಕೊಳ್ಳುತ್ತಾರೆ ಎಂದು ಕಂಪನಿಗಳಿಗೆ ಗೊತ್ತು. ಬ್ಯಾಗು, ಚಪ್ಪಲಿ, ನೀರಿನ ಬಾಟಲಿ ಎಲ್ಲದರ ಮೇಲೂ ಅದರದೇ ಮೂತಿ. ಅಳಿಲಿನ ಮೂತಿ ಮಗುವಿನ ಮನಸ್ಸಿಗೆ ಇಳಿಯುತ್ತದೆ, ಅಳಿಲಿನ ಮುಷ್ಟಿ ಮಾತ್ರ ಇಳಿಯುವುದಿಲ್ಲ, ಅಲ್ಲವೇ?

ಇನ್ನು ಟೀವಿ ಆರಿಸುವ ಸಲಹೆ. ಆರಿಸಿದ್ದೇವೆ ಸ್ವಾಮಿ. ನಮ್ಮ ಟೀವಿ ಈಗ ಗೋಡೆಗೆ ಮುಖಮಾಡಿ ಕೂತಿದೆ, ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆದರೆ ಶಾಲೆಯ ವ್ಯಾನಿನಲ್ಲಿ, ಕಟಿಂಗ್ ಷಾಪಿನಲ್ಲಿ, ಪಕ್ಕದ ಮನೆಯ ಫೋನಿನಲ್ಲಿ ಕುಣಿಯುವ ಅಳಿಲನ್ನು ನಾನು ಯಾವ ಬಟನ್ ಒತ್ತಿ ಆರಿಸಲಿ? ನನ್ನ ಮಗಳಿಗೆ ಗುದ್ದಿದ್ದು ನಮ್ಮ ಮನೆಯ ಟೀವಿಯಲ್ಲ, ಊರಿನ ಎಲ್ಲ ಮನೆಗಳಲ್ಲೂ ಅದನ್ನು ನೋಡಿ ಬಂದ ಮಕ್ಕಳು. ಮುದ್ರೆ ಒತ್ತಿದವರು ನೀವು, ನೀವೀಗ ಗೂಬೆಯನ್ನು ತಂದು ಹೆತ್ತವರ ಮೇಲೆ ಕೂರಿಸಿದ್ದೀರಿ. ಕಚೇರಿಯ ಕೆಲಸ ಎಷ್ಟು ಸಲೀಸು.

ನನ್ನ ಬೇಡಿಕೆ ದೊಡ್ಡದೇನಲ್ಲ. ಆ ಮುದ್ರೆಯನ್ನು ಹಿಂತೆಗೆದುಕೊಳ್ಳಿ, ಮಕ್ಕಳು ಟೀವಿ ನೋಡುವ ಹೊತ್ತಿನಿಂದ ಆ ಕಾರ್ಟೂನನ್ನು ಎತ್ತಿಸಿ. ‘ನೋವಾಗುವುದಿಲ್ಲ’ ಎಂಬ ಆ ವಾಕ್ಯವನ್ನು ಬರೆದವರು ಡ್ರೈವರ ಮನೆಗೆ ಹೋಗಿ ಆ ಹುಡುಗನ ಕೆನ್ನೆಯ ಹೊಲಿಗೆ ನೋಡಿ ಬರಲಿ. ನಾನು ಹೋಗಿದ್ದೆ, ಚೂಟಿಯನ್ನು ಕರೆದುಕೊಂಡು. ಅವನು ನನ್ನ ಮಗಳನ್ನು ಕಂಡವನೇ ಹೊಸ ಕನ್ನಡಕ ತೆಗೆದು ಬೆನ್ನ ಹಿಂದೆ ಅಡಗಿಸಿಕೊಂಡ. ವಾಪಸು ಬರುವಾಗ ಚೂಟಿ ದಾರಿಯುದ್ದಕ್ಕೂ ಅತ್ತಳು.

ಡಾಕ್ಟರು ಕೊಟ್ಟಿರುವ ಕಾಲ ಸವೆಯುತ್ತಿದೆ. ಮನೆಯಲ್ಲಿ ಅವಳು ಕನ್ನಡಕ ಹಾಕುತ್ತಾಳೆ. ಶಾಲೆಗೆ ಮಾತ್ರ ಎಷ್ಟು ಗೋಗರೆದರೂ ಇಲ್ಲ. ನಿನ್ನೆ ಬೆಳಿಗ್ಗೆ ‘ಹಾಕ್ಕೊಂಡ್ ಹೋಗು ಕಂದಾ, ಯಾರೂ ಹೊಡೆಯಲ್ಲ’ ಎಂದೆ. ಅವಳು ‘ನಿಂಗೆ ಯಾರು ಹೇಳಿದ್ರು?’ ಎಂದು ಕೇಳಿದಳು. ಇವತ್ತೂ ಬರಿಗಣ್ಣಿನಲ್ಲೇ ಹೋಗಿದ್ದಾಳೆ. ಅವಳಿಗೆ ಕೊಡುವ ಉತ್ತರ ನಿಮ್ಮ ಕಚೇರಿಯಲ್ಲಿದ್ದರೆ ಬೇಗ ಕಳಿಸಿಕೊಡಿ.

ಇಂತಿ,
ಹೊಡೆಸಿಕೊಂಡವಳಿಗೂ ಹೊಡೆದವಳಿಗೂ ತಾಯಿಯಾದ
ಒಬ್ಬ ಕನ್ನಡಕದಂಗಡಿಯವಳು