ಬುಧ ಗ್ರಹ ದಾರಿ ತಪ್ಪಿದ ಸಂಜೆ

ಸಿಂದಗಿ,
ಸೋಮವಾರ, ೧೦ ಫೆಬ್ರುವರಿ ೨೦೨೫

ಪ್ರೀತಿಯ ನಮ್ಮ ಮನೆಯವರಿಗೆ,

ಸುಜಾತಾಳ ನಮಸ್ಕಾರಗಳು. ನಾನು ಇಲ್ಲಿ ಆರಾಮ ಇದ್ದೇನೆ. ನೀವು ನಾಲತವಾಡದಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಇದ್ದೀರೆಂದು ಹೋದ ವಾರ ಸಾತವ್ವಕ್ಕನೇ ಫೋನ್ ಮಾಡಿ ತಿಳಿಸಿದರು. ನಿಮ್ಮ ಮೊಬೈಲು ಬಂದ್ ಇದೆ. ಅಕ್ಕನ ಮೊಬೈಲಿನಲ್ಲಿ ಆಡುವಂಥ ಮಾತು ಇದಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಎದೆಉರಿ ಹೇಗಿದೆ? ನಿದ್ದೆ ಹತ್ತದೆ ಅಂಗಳದಲ್ಲಿ ಓಡಾಡುತ್ತೀರಿ, ಊಟವೂ ಅಷ್ಟಕ್ಕಷ್ಟೇ ಎಂದು ಅಕ್ಕ ಚಿಂತೆ ಮಾಡುತ್ತಿದ್ದಾರೆ. ಸಾಲಿಯ ಪಾಠ, ಪರೀಕ್ಷೆಗಳ ಒತ್ತಡ ಎಂದು ನೀವು ಅವರಿಗೆ ಹೇಳಿದ್ದೀರಂತೆ. ನಾನೂ ಹೌದೆಂದೆ. ಅಕ್ಕ ಕುಟ್ಟುವ ಕೆಂಪು ಖಾರ ನಿಮಗೆ ಬಹಳ ಸೇರುತ್ತದೆ, ಗೊತ್ತು. ಆದರೆ ಸ್ವಲ್ಪ ದಿನ ಮುಟ್ಟಬೇಡಿ. ನಿಮ್ಮ ಎದೆ ಉರಿಯುವುದಾದರೆ ಈ ಕಾಗದದಿಂದ ಉರಿಯಲಿ, ಮೆಣಸಿನಕಾಯಿಯಿಂದ ಬೇಡ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಿಮಗೆ ಜ್ವರ ಎಂದು ಹೆಡ್ ಮಾಸ್ತರರಿಗೆ ತಿಳಿಸಿದ್ದೇನೆ. ಯಾವಾಗ ಇಳಿಯಬಹುದು ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಬುಧ ಗ್ರಹ ತನ್ನ ದಾರಿ ಬಿಟ್ಟು ಹೊರಟಿದೆ, ಅದನ್ನು ಸಿಂದಗಿಯ ವಿಜ್ಞಾನ ಶಿಕ್ಷಕ ಸಿದ್ಧರಾಮ ಅವರು ಕಂಡುಹಿಡಿದಿದ್ದಾರೆ ಎಂದು ಪೇಪರಿನಲ್ಲಿ ಬಂದಾಗಿನಿಂದ ನನಗೆ ಬಜಾರದಲ್ಲಿ ತಿರುಗಾಡುವುದೇ ಕಷ್ಟವಾಗಿದೆ. ಔಷಧ ಅಂಗಡಿಯ ಜಾಹಿದ ಮೊನ್ನೆ ನಿಮ್ಮ ಗುಳಿಗೆ ಕಟ್ಟಿಕೊಡುತ್ತ, “ಅಕ್ಕಾರ, ಬುಧ ಹೊಂಟ ಹೋದ್ರ ಬುಧವಾರ ಇರತೈತೋ ಇಲ್ರಿ?” ಎಂದು ಕೇಳಿದ. ಅವನು ಚೇಷ್ಟೆ ಮಾಡಿದನೋ ನಿಜಕ್ಕೂ ಕೇಳಿದನೋ ತಿಳಿಯಲಿಲ್ಲ. ಹೊರ್ತಿಯಿಂದ ಒಬ್ಬರು ಮನೆಯತನಕ ಬಂದು, ಮಗಳ ಲಗ್ನ ಮುಂದಕ್ಕೆ ಹಾಕಬೇಕೇನು ಎಂದು ವಿಚಾರಿಸಿ ಹೋದರು. ಅವರಿಗೆ ಚಹಾ ಕೊಟ್ಟು, ಬೇಡ, ಇಟ್ಟ ಮುಹೂರ್ತಕ್ಕೇ ಲಗ್ನ ಮಾಡಿರಿ ಎಂದು ಹೇಳಿ ಕಳಿಸಿದೆ. ನೀವು ಎಬ್ಬಿಸಿದ ಧೂಳನ್ನು ಹೀಗೆ ದಿನಾ ಗುಡಿಸುತ್ತಿದ್ದೇನೆ.

ನೀವು ನನಗೆ ಮಾಡಿದ ಉಪಕಾರವನ್ನೇ ಮೊದಲು ಬರೆಯುತ್ತೇನೆ, ಆಕಿಗೆ ನೆನಪಿಲ್ಲ ಎನ್ನಬಾರದು. ಸೊಲ್ಲಾಪುರದ ನಿಮ್ಮ ಗೆಳೆಯರಿಂದ ಆ ಹಳೆಯ ದೂರದರ್ಶಕ ತಂದಿರಲ್ಲ, ಆ ಸಂಜೆ ಮಾಳಿಗೆಯ ಮೇಲೆ ನನ್ನನ್ನು ಕರೆದು, “ಒಂದ ಕಣ್ಣ ಮುಚ್ಚು, ಉಸಿರ ಹಿಡಿ” ಎಂದು ಶನಿಯನ್ನು ತೋರಿಸಿದವರು ನೀವು. ಉಂಗುರ ಹಾಕಿಕೊಂಡು ನಿಂತಿದ್ದ ಆ ಚಿಕ್ಕ ಗ್ರಹ ಕಂಡು ನನಗೆ ಅಳು ಬಂತು. ನೀವು ನಕ್ಕಿರಿ, ಆಮೇಲೆ ನಿಮ್ಮ ಕರವಸ್ತ್ರ ಕೊಟ್ಟಿರಿ. ಆ ಕರವಸ್ತ್ರಕ್ಕಾಗಿ ನಿಮ್ಮನ್ನು ಬಹಳ ವರ್ಷ ಪ್ರೀತಿಸಿದ್ದೇನೆ. ಆದರೆ ಆ ಉಂಗುರ ಯಾಕೆ ಬೀಳುವುದಿಲ್ಲ ಎಂದು ಕೇಳಿದಾಗ “ಅದು ಹಂಗ ಐತಿ” ಎಂದಿರಿ. ಧಾರವಾಡದಲ್ಲಿ ಗಣಿತದ ಎಂಎಸ್‌ಸಿ ಮಾಡಿಕೊಂಡು ಬಂದವಳಿಗೆ ಅಷ್ಟು ಉತ್ತರ ಸಾಲಲಿಲ್ಲ. ನಿಮ್ಮ ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಮನೆಗೆ ತಂದಿದ್ದ ಕಂಪ್ಯೂಟರಿನಲ್ಲಿ, ನೀವು ಸಾಲಿಗೆ ಹೋದ ಮೇಲೆ, ಒಂದು ಸೌರಮಂಡಲ ಕಟ್ಟತೊಡಗಿದೆ. ಸೂರ್ಯನನ್ನು ನಡುವೆ ಇಟ್ಟೆ. ಗ್ರಹಗಳಿಗೆ ತೂಕ ಕೊಟ್ಟೆ, ವೇಗ ಕೊಟ್ಟೆ, ಒಂದು ಇನ್ನೊಂದನ್ನು ಎಷ್ಟು ಜಗ್ಗುತ್ತದೆ ಎಂಬ ಲೆಕ್ಕ ಕೊಟ್ಟೆ. ಮೊದಲ ಸಲ ಭೂಮಿ ಹೋಗಿ ಸೂರ್ಯನೊಳಗೇ ಬಿತ್ತು. ಅಂದು ಒಲೆಯ ಮೇಲಿನ ಬ್ಯಾಳಿಯೂ ಹೊತ್ತಿತ್ತು, ನೀವು ಬೈದಿರಿ.

ತಿಂಗಳುಗಟ್ಟಲೆ ಕುಳಿತ ಮೇಲೆ ಗ್ರಹಗಳು ತಿರುಗತೊಡಗಿದವು. ಆದರೆ ಬಹಳ ಹೊತ್ತು ಓಡಲು ಬಿಟ್ಟರೆ ಬುಧ ಮೆಲ್ಲಗೆ ಹೊರಗೆ ಸರಿಯುತ್ತಿತ್ತು. ಯಾಕೆಂದು ಹುಡುಕಿದೆ. ಕಂಪ್ಯೂಟರು ಗ್ರಹವನ್ನು ಒಂದೊಂದೇ ಸಣ್ಣ ಹೆಜ್ಜೆ ಮುಂದೆ ನಡೆಸುತ್ತದೆ. ಹೆಜ್ಜೆ ನೇರ, ದಾರಿ ಬಾಗಿದ್ದು. ಆದ್ದರಿಂದ ಪ್ರತಿ ಹೆಜ್ಜೆಗೂ ಗ್ರಹ ಕೂದಲೆಳೆಯಷ್ಟು ಹೊರಗೆ ಬೀಳುತ್ತದೆ. ಒಂದೆರಡು ಸುತ್ತಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ವರ್ಷಗಳನ್ನು ಓಡಿಸಿದರೆ ಎಲ್ಲಕ್ಕಿಂತ ಬೇಗ ತಿರುಗುವ ಬುಧ ಎಲ್ಲಕ್ಕಿಂತ ಮೊದಲು ದಾರಿ ತಪ್ಪುತ್ತದೆ. ಇದು ಆಕಾಶದ ತಪ್ಪಲ್ಲ, ಲೆಕ್ಕದ ತಪ್ಪು. ಅದನ್ನು ತಿದ್ದಿ ಎರಡನೆಯ ಪ್ರೋಗ್ರಾಮ್ ಬರೆದೆ. ಅದರಲ್ಲಿ ಬುಧ ಇಂದಿಗೂ ತನ್ನ ದಾರಿಯಲ್ಲೇ ಇದೆ. ನಿಮ್ಮನ್ನು ಕರೆದು ತೋರಿಸಿದೆ. ನೀವು ಚಹಾದ ಕಪ್ಪು ಹಿಡಿದು ನಿಂತೇ ನೋಡಿ, “ಭೂಮಿಗೆ ನೀಲಿ ಬಣ್ಣ ಹಾಕು, ಚಂದ ಕಾಣತೈತಿ” ಎಂದಿರಿ. ಹಾಕಿದೆ.

ನಿಮ್ಮ ಸಾಲಿಯ ಮಕ್ಕಳಿಗೆ ಅದನ್ನು ತೋರಿಸಿದಾಗ ನನಗೆ ಹೆಮ್ಮೆಯೇ ಆಯಿತು. ಆಮೇಲೆ ಬೇರೆ ಸಾಲಿಗಳು ಕರೆದವು. ಆಮೇಲೆ ಮುದ್ದೇಬಿಹಾಳದ ಕಾರ್ಯಕ್ರಮ. ಇಳಕಲ್ಲ ಸೀರೆ ಉಟ್ಟು ನಿಮ್ಮ ಜೊತೆ ಬಂದೆ. ಬ್ಯಾನರಿನ ಮೇಲೆ ‘ಶ್ರೀ ಸಿದ್ಧರಾಮ ಅವರು ರಚಿಸಿದ ಸೌರಮಂಡಲ’ ಎಂದಿತ್ತು. ಅಚ್ಚು ಹಾಕುವವರ ತಪ್ಪಿರಬೇಕು, ವೇದಿಕೆಯ ಮೇಲೆ ಸರಿ ಮಾಡುತ್ತಾರೆ ಎಂದುಕೊಂಡು ಕುಳಿತೆ. ಅಧ್ಯಕ್ಷತೆ ವಹಿಸಿದ್ದವರು ಪಾಪ, ಒಳ್ಳೆಯವರು. ಮನೆಯವರ ಸಹಾಯವೂ ಇರಬೇಕಲ್ಲ ಎಂದು ಕೇಳಿದರು. ನೀವು ಮೈಕಿನಲ್ಲಿ ಹೇಳಿದಿರಿ: “ನಮ್ಮ ಮನಿಯಾಕಿ ಟೈಪ್ ಮಾಡಿಕೊಟ್ಟಾಳ್ರಿ. ಆಕಿ ಬೆರಳ ಭಾಳ ಚುರುಕ ಅದಾವ.” ಜನ ಪ್ರೀತಿಯಿಂದಲೇ ನಕ್ಕರು. ಪಕ್ಕದ ಹೆಣ್ಣುಮಗಳು ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದಳು. ನಾನೂ ನಕ್ಕೆ.

ಬಸ್ಸಿನಲ್ಲಿ ಏನಾದರೂ ಅನ್ನುತ್ತೀರೆಂದು ದಾರಿಯುದ್ದಕ್ಕೂ ಕಾದೆ. ನೀವು ಸಭೆಯಲ್ಲಿ ನಿಮಗೆ ಹೊದಿಸಿದ ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನಿದ್ದೆ ಮಾಡಿದಿರಿ. ಮನೆಗೆ ಬಂದ ಮೇಲೆ ನಾನೇ ಕೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲವೆಂದು. ನೀವು ಅಂಗಿಯ ಗುಂಡಿ ಬಿಚ್ಚುತ್ತ, “ಗಂಡ ಹೆಂಡ್ತಿ ನಡುವ ನಿಂದು ನಂದು ಅಂತ ಏನೈತಿ?” ಎಂದಿರಿ. ಎಷ್ಟು ಚಂದದ ಮಾತು. ನನ್ನದೆಲ್ಲ ನಿಮ್ಮದಾದ ಮೇಲೆ ಆಡಿದ್ದು ಎಂಬುದಷ್ಟೇ ಅದರ ಕೊರತೆ. ಆದರೂ ಅಂದು ನುಂಗಿಕೊಂಡೆ. ನುಂಗಲಾಗದ್ದು ಆಮೇಲೆ ಕಂಡಿತು. ಪ್ರೋಗ್ರಾಮಿನ ಮೊಟ್ಟಮೊದಲ ಸಾಲಿನಲ್ಲಿ, ಪರದೆಯ ಮೇಲೆ ಯಾರಿಗೂ ಕಾಣದ ಜಾಗದಲ್ಲಿ, ‘ಬರೆದವಳು: ಸುಜಾತಾ’ ಎಂದು ಹಾಕಿಕೊಂಡಿದ್ದೆ. ಅಡುಗೆಮನೆಯಲ್ಲಿ ಹೊಸ ಪಾತ್ರೆಗೆ ಹೆಸರು ಹೊಡೆಸುವುದಿಲ್ಲವೇ, ಹಾಗೆ. ಒಂದು ದಿನ ತೆಗೆದು ನೋಡಿದರೆ ಅಲ್ಲಿ ನಿಮ್ಮ ಹೆಸರಿತ್ತು. ಇಡೀ ಪ್ರೋಗ್ರಾಮಿನಲ್ಲಿ ನೀವು ಕೈ ಹಚ್ಚಿದ ಸಾಲು ಅದೊಂದೇ. ಅಂದು ನಾನು ಅಳಲಿಲ್ಲ. ನಿಮಗೆ ರೊಟ್ಟಿ ಬಡಿದು ಬಡಿಸಿದೆ. ಬಡಿಯುವಾಗಲೇ ತೀರ್ಮಾನ ಮಾಡಿದ್ದೆ.

ಜನವರಿಯಲ್ಲಿ ಗ್ರಹಗಳು ಸಾಲಾಗಿ ನಿಲ್ಲುತ್ತವೆ ಎಂದು ಟಿವಿಯವರು ಗದ್ದಲ ಎಬ್ಬಿಸಿದಾಗ ಬಸವನ ಬಾಗೇವಾಡಿಯವರು ನಿಮ್ಮನ್ನು ಕರೆದರು. ಹಿಂದಿನ ದಿನ ನೀವು ಪೆನ್ ಡ್ರೈವ್ ಕೊಟ್ಟು, ಅದರಲ್ಲಿ ಸೌರಮಂಡಲ ಹಾಕಿಕೊಡು ಎಂದಿರಿ. ಹಾಕಿಕೊಟ್ಟೆ. ತಪ್ಪು ತಿದ್ದದ ಹಳೆಯದನ್ನು ಹಾಕಿಕೊಟ್ಟೆ. ಇದನ್ನು ನಿಮಗೆ ಈಗ ತಿಳಿಸುತ್ತಿದ್ದೇನೆ, ಕಂಪ್ಯೂಟರಿನ ಮೇಲೆ ಸುಮ್ಮನೆ ತಪ್ಪು ಹೊರಿಸಬೇಡಿ. ಮೊದಲ ಸಾಲಿನಲ್ಲಿ ನಿಮ್ಮ ಹೆಸರನ್ನು ನಾನೇ ಬರೆದು ಕೊಟ್ಟೆ, ಅಕ್ಷರ ತಪ್ಪಿಲ್ಲದಂತೆ. ಎರಡೂ ನೋಡಲು ಒಂದೇ ಥರ. ಬರೆದವರಿಗಾದರೆ ಒಂದು ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತಿತ್ತು.

ನಾನೂ ಜೊತೆಗೆ ಬಂದೆ. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ನೀವು ಮಾತನಾಡುವುದರಲ್ಲಿ ಜಾಣರು. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಎಲ್ಲ ಮುಗಿದು ಹಾರ ಹಾಕುವ ಹೊತ್ತಿಗೆ ಅಲ್ಮಾಸ ಎಂಬ ಕಾಲೇಜು ಹುಡುಗಿ ಎದ್ದು ನಿಂತಳು. “ಸರ್, ಇದನ್ನ ಇನ್ನೂ ಮುಂದ ಓಡಸ್ರಿ. ನಮ್ಮ ಮೊಮ್ಮಕ್ಕಳ ಕಾಲಕ್ಕ ಹೆಂಗಿರತೈತಿ ನೋಡೂಣು.” ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ಯಾರೂ ಕೇಳದಿದ್ದರೆ ನಾನೇ ಕೇಳಬೇಕೆಂದು ತಯಾರಾಗಿ ಕುಳಿತಿದ್ದೆ. ಆಕೆ ನನ್ನ ಕೆಲಸ ಹಗುರ ಮಾಡಿದಳು. ನೀವು ಖುಷಿಯಿಂದ ವೇಗ ಹೆಚ್ಚಿಸಿದಿರಿ. ವರ್ಷಗಳು ಓಡಿದವು. ಬುಧನ ಸುತ್ತು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಶುಕ್ರನ ದಾರಿಯನ್ನು ದಾಟಿತು. ಆಗ ನೀವು ನನ್ನತ್ತ ನೋಡಿದಿರಿ. ನಿಮ್ಮ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಮೂರನೆಯ ಸಾಲಿನಿಂದಲೂ ಕಾಣುತ್ತಿತ್ತು. ಇಷ್ಟು ವರ್ಷ ನೋಡಿದ ಮುಖ, ಅದು ಏನು ಕೇಳುತ್ತಿದೆ ಎಂದು ನನಗೆ ತಿಳಿಯದೇ? ಎದ್ದು ನಿಂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸೆರಗು ಸರಿ ಮಾಡಿಕೊಂಡು ಪರದೆಯತ್ತ ನೋಡಿದೆ. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅಂಥ ಸಂತೋಷ ನನಗೆ ಶನಿಯನ್ನು ಕಂಡ ದಿನವೂ ಆಗಿರಲಿಲ್ಲ.

ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ನೀವು ಅಂದಿದ್ದರೆ ನನ್ನ ಸೇಡು ಅಲ್ಲಿಗೇ ತೀರುತ್ತಿತ್ತು. ನಾನು ಬಯಸಿದ್ದು ಅಷ್ಟೇ. ನೀವು ಮೈಕು ಹಿಡಿದು, ಬುಧ ಗ್ರಹ ದಾರಿ ಬಿಡಲಿದೆ, ಇದನ್ನು ಮೊದಲು ಕಂಡುಹಿಡಿದವನು ನಾನು ಎಂದಿರಿ. ಪೇಪರಿನವರು ಬರೆದುಕೊಂಡರು. ಚಪ್ಪಾಳೆ ಬಿತ್ತು. ನಾನು ತೋಡಿದ್ದು ಮೊಣಕಾಲುದ್ದದ ಗುಂಡಿ. ನೀವೇ ಗುದ್ದಲಿ ತೆಗೆದುಕೊಂಡು ಅದನ್ನು ಬಾವಿ ಮಾಡಿದಿರಿ. ತಿರುಗಿ ಬರುವಾಗ ಜೀಪಿನಲ್ಲಿ ಸಣ್ಣ ದನಿಯಲ್ಲಿ, “ಖರೇನ ಹಂಗ ಆಗತೈತೇನ?” ಎಂದು ಕೇಳಿದಿರಲ್ಲ, ಆಗ ನಾನು ಕೊಟ್ಟ ಉತ್ತರ ನಿಮಗೆ ನೆನಪಿರಬೇಕು. “ನೀವ ಬರದದ್ದಲ್ರಿ, ನಿಮಗ ಗೊತ್ತಿರಬೇಕು.”

ಮುಂದಿನದು ನಿಮಗೆ ಗೊತ್ತೇ ಇದೆ. ಪೇಪರು ಓದಿದ ವಿಜಯಪುರದ ಮಹಮ್ಮದಹನೀಫ ಸರ್ ಫೋನ್ ಮಾಡಿದರು. ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ದನಿ ಎತ್ತುವವರಲ್ಲ. ಯಾವ ಪದ್ಧತಿಯಿಂದ ಲೆಕ್ಕ ಮಾಡಿದಿರಿ ಎಂದು ಕೇಳಿದರು. ನೀವು, ಕಂಪ್ಯೂಟರ್ ಪದ್ಧತಿಯಿಂದ ಎಂದಿರಿ. ಅವರು, ಮನೆಗೇ ಬಂದು ನೋಡುತ್ತೇನೆ ಎಂದರು. ಅವರು ಬರುವ ದಿನ ಬೆಳಿಗ್ಗೆ ನಿಮಗೆ ಅಕ್ಕನ ನೆನಪಾಯಿತು.

ಅವರು ಬಂದರು. ಎರಡೂ ಪ್ರೋಗ್ರಾಮ್ ಪಕ್ಕಪಕ್ಕದಲ್ಲಿ ಓಡಿಸಿದೆ. ಒಂದರಲ್ಲಿ ಬುಧ ಓಡಿಹೋಯಿತು, ಇನ್ನೊಂದರಲ್ಲಿ ಇದ್ದಲ್ಲೇ ತಿರುಗಿತು. ಅವರು ಕನ್ನಡಕ ಒರೆಸಿಕೊಂಡು ಸರಿಯಾದದ್ದರ ಒಳಗಿನ ಸಾಲುಗಳನ್ನೆಲ್ಲ ಓದಿದರು, ಆಮೇಲೆ ಮೊದಲ ಸಾಲಿಗೆ ಹೋಗಿ, “ಹೆಸರ ನಿಮ್ಮ ಮನಿಯವರದ ಐತಲ್ಲವಾ” ಎಂದರು.

“ಆ ಸಾಲಷ್ಟ ಅವರದ್ರಿ. ಉಳದದ್ದು ನಂದು,” ಎಂದೆ.

ಅವರು ನನಗೆ ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಉತ್ತರಿಸಿದೆ. ಇನ್ನೊಂದು, ನಿಜವಾದ ಬುಧನ ದಾರಿಯೇ ವರ್ಷವರ್ಷವೂ ಕೊಂಚ ತಿರುಗುತ್ತದಲ್ಲ, ಅದು ನನ್ನ ಲೆಕ್ಕದಲ್ಲಿ ಯಾಕೆ ಪೂರ್ತಿ ಬರುವುದಿಲ್ಲ ಎಂಬುದು. ಗೊತ್ತಿಲ್ಲ ಎಂದೆ. ಹಾಗೆ ಹೇಳಿದರೆ ನೆಲ ಬಿರಿಯುವುದಿಲ್ಲ, ನೋಡಿ. ಅವರು ಓದಲು ಎರಡು ಪುಸ್ತಕ ಕೊಟ್ಟು ಹೋಗಿದ್ದಾರೆ. ದಿನಾ ಓದುತ್ತಿದ್ದೇನೆ. ಮನೆ ಶಾಂತವಾಗಿದೆ.

ಹಳೆಯ ಪ್ರೋಗ್ರಾಮಿನ ತಪ್ಪು ತಿದ್ದಲು ಕೆಲವೇ ಸಾಲು ಬದಲಿಸಿದರೆ ಸಾಕು. ಯಾವ ಸಾಲು ಎಂದು ಇಲ್ಲಿ ಬರೆಯುವುದಿಲ್ಲ. ಹುಡುಕಿರಿ. ನಿಮ್ಮ ಭಾವ ಮಾಳಿಂಗಪ್ಪಣ್ಣನ ಮನೆಯಲ್ಲಿ ನಿಮಗೆ ಪುರುಸೊತ್ತು ಬಹಳ ಇದೆ.

ಸಾತವ್ವಕ್ಕನಿಗೂ ಮಾಳಿಂಗಪ್ಪಣ್ಣನಿಗೂ ನನ್ನ ನಮಸ್ಕಾರ ತಿಳಿಸಿ. ಅವರ ಹೊಲದ ಜೋಳದ ರಾಶಿ ಚೆನ್ನಾಗಿ ಆಗಲಿ. ಗುಳಿಗೆ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಊಟಕ್ಕೆ ಮೊದಲು ತೆಗೆದುಕೊಳ್ಳಿ. ನಿಮ್ಮ ಆರೋಗ್ಯ ನನಗೆ ಬೇಕಾಗಿದೆ.

ಇಂತಿ,
ಸುಜಾತಾ

ತಾ.ಕ.: ಪೋಸ್ಟ್ ಆಫೀಸಿನ ಬಾಗಿಲು ಹಾಕುವ ಹೊತ್ತಾಯಿತು, ಮುಖ್ಯ ವಿಷಯವೇ ಬರೆಯುವುದು ಉಳಿದಿತ್ತು. ಇದೇ ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ. ಇಂಡಿ ಊರಿನಲ್ಲಿ ಹನೀಫ ಸರ್ ನನ್ನ ಉಪನ್ಯಾಸ ಇಟ್ಟಿದ್ದಾರೆ: ‘ಬುಧ ಗ್ರಹ ಎಲ್ಲಿಗೂ ಹೋಗುವುದಿಲ್ಲ’. ಮಾತಾಡುವವಳ ಪರಿಚಯ ಯಾರು ಮಾಡಿಕೊಡಬೇಕು ಎಂದು ಕೇಳಿದರು. ನಿಮ್ಮ ಹೆಸರು ಕೊಟ್ಟೆ. ಆಮಂತ್ರಣ ಅಚ್ಚಾಗಿ ನಿಮ್ಮ ಸಾಲಿಗೂ, ಮುದ್ದೇಬಿಹಾಳಕ್ಕೂ, ಬಾಗೇವಾಡಿಗೂ ಹೋಗಿದೆ. ಅಕ್ಕನ ಮನೆಗೆ ಈ ಕಾಗದಕ್ಕಿಂತ ಮೊದಲೇ ಮುಟ್ಟಿರಬಹುದು. ಬಂದು ಮೈಕಿನ ಮುಂದೆ ನಿಂತು, ನಾನು ಯಾರು, ಏನು ಮಾಡಿದವಳು ಎಂದು ಜನಕ್ಕೆ ಹೇಳಿರಿ. ಬಾರದಿದ್ದರೆ ಆ ಪರಿಚಯವನ್ನೂ ನಾನೇ ಮಾಡಿಕೊಳ್ಳುತ್ತೇನೆ, ನಿಮ್ಮದನ್ನೂ ಸೇರಿಸಿ. ಏನು ಹೇಳಬೇಕೆಂದು ಈಗಿನಿಂದಲೇ ಯೋಚಿಸಿರಿ. ಈ ಸಲ ನಾನು ಏನೂ ಬರೆದುಕೊಡುವುದಿಲ್ಲ.