ಎಡಗೆನ್ನೆಯ ಗೆರೆ

ಚರ್ಮದ ಡಾಕ್ಟರಮ್ಮನವರಿಗೆ ನಮಸ್ಕಾರ.

ನಗುವಾಗ ಬೀಳುವ ಗೆರೆ ಎಡಗಡೆ ಮಾತ್ರ ಯಾಕೆ ಇಷ್ಟು ಆಳ ಅಂತ ಮೊನ್ನೆ ಕೇಳಿದಿರಿ. "ಬಟ್ಟೆ ಅಂಗಡೀಲಿ ದಿನವಿಡೀ ಹಲ್ಲು ಕಿರಿಯೋದೇ ನನ್ನ ಕೆಲಸ" ಅಂದೆ. ನೀವು ನಕ್ಕಿರಿ. ಅದು ಅರ್ಧ ಸುಳ್ಳು. ಗಿರಾಕಿಗಳಿಗೆ ನಾನು ಎರಡೂ ಕಡೆ ಸಮನಾಗಿಯೇ ನಗ್ತೀನಿ.

ಒಂಬತ್ತು ವರ್ಷ ಎಡಗೆನ್ನೆಯನ್ನೇ ದಿಂಬಿಗೆ ಒತ್ತಿ ಮಲಗಿದ್ದೀನಿ. ಅಮ್ಮನ ಮಂಚ ಆ ಕಡೆಗಿತ್ತು. ಮರೆವಿನ ಕಾಯಿಲೆ, ಕಣ್ಣು ತಪ್ಪಿಸಿ ಬೀದಿಗೆ ಹೋಗಿಬಿಡ್ತಿದ್ದಳು. ರಾತ್ರಿ ಮಲಗುವಾಗ ಅವಳ ಕೈಗೂ ನನ್ನ ಕೈಗೂ ಸೇರಿಸಿ ಅಂಗಡಿಯ ರಿಬ್ಬನ್ ಕಟ್ಟಿಕೊಳ್ತಿದ್ದೆ. "ನಾಯೀನೂ ಇಷ್ಟು ಬಿಗಿಯಾಗಿ ಕಟ್ಟಲ್ಲ ಕಣೇ" ಅಂತ ನಗ್ತಿದ್ದಳು. ನನ್ನ ಹೆಸರು ಮರೆತ ಮೇಲೂ ಆ ಮಾತು ಮರೆಯಲಿಲ್ಲ.

ಮೂರು ತಿಂಗಳಿಂದ ಮಂಚ ಖಾಲಿ.

ಬಿಸಿಲಿಗೆ ಹೋಗುವಾಗ ನೀವು ಕೊಟ್ಟ ಕ್ರೀಮು ತಪ್ಪದೆ ಹಚ್ತಿದ್ದೀನಿ. ಅಂಗಾತ ಮಲಗಿ ಅಂದಿರಿ, ಅದೊಂದು ಆಗ್ತಿಲ್ಲ. ನಿದ್ದೆ ಹತ್ತಿದ ಕೂಡಲೇ ಆ ಕಡೆಗೇ ಹೊರಳ್ತೀನಿ.

ಶುಕ್ರವಾರ ಬರ್ತೀನಿ. ಗೆರೆ ತುಂಬುವ ಇಂಜೆಕ್ಷನ್ ಬಲಗಡೆಗೆ ಮಾತ್ರ ಹಾಕಿ. ಮುಖ ಸೊಟ್ಟ ಕಾಣುತ್ತೆ ಅಂತ ಬೈಬೇಡಿ. ಬಲಗಡೆಯದು ಗಿರಾಕಿಗಳದ್ದು, ಹೋದರೆ ಹೋಗಲಿ. ಎಡಗಡೆಯದು ಅಮ್ಮನದು, ಇರಲಿ.

ಇಂತಿ,
ಬಟ್ಟೆ ಅಂಗಡಿಯವಳು